ಮೀಸೆ ಹೋದ ಬೇಸಿಗೆ

ಕಟಿಂಗ್ ಶಾಪಿನವನಿಗೆ ಊರಿನಲ್ಲಿ ಹೆಸರಿದ್ದದ್ದು ಎರಡು ಕಾರಣಕ್ಕೆ. ಒಂದು ಅವನ ಹಗುರವಾದ ಕೈ, ಇನ್ನೊಂದು ಅವನ ಭಾರಿ ಮೀಸೆ. ಆ ಮೀಸೆ ಮೇಲ್ದುಟಿಯ ಮೇಲೆ ಹೊಟ್ಟೆ ತುಂಬಿದ ಬೆಕ್ಕಿನ ಹಾಗೆ ಮೈಚಾಚಿ ಮಲಗಿತ್ತು. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವ ಮೊದಲು ಅದಕ್ಕೆ ಎಣ್ಣೆ ಸವರಿ, ಸಣ್ಣ ಹಣಿಗೆಯಲ್ಲಿ ಬಾಚಿ, ತುದಿಗಳನ್ನು ಒಂದಿಷ್ಟು ಮೇಲಕ್ಕೆ ಎತ್ತಿಕೊಟ್ಟರೇ ಅವನಿಗೆ ದಿನ ಶುರುವಾಯಿತು ಅನ್ನಿಸುತ್ತಿದ್ದದ್ದು. ಅಂಗಡಿಗೆ ಬೋರ್ಡೇ ಬೇಕಿರಲಿಲ್ಲ. ಬಾಗಿಲಲ್ಲಿ ಅವನು ನಿಂತರೆ ಸಾಕಿತ್ತು.

ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಅವನ ಸಂಸಾರ. ಹೆಂಡತಿ ಊರಿನ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವ ಟೀಚರು. ಜೊತೆಗೆ ಹತ್ತು ತಿಂಗಳ ಮಗಳು. ಮಗಳಿಗೆ ಒಳ್ಳೆಯದೊಂದು ಹೆಸರಿಟ್ಟಿದ್ದರೂ ಆ ಹೆಸರಿನಿಂದ ಕರೆದವರಿಲ್ಲ. ಮನೆಯಲ್ಲಿ ಯಾರು ಯಾವಾಗ ಏಳಬೇಕು, ಯಾವಾಗ ಉಣ್ಣಬೇಕು, ಫ್ಯಾನು ಎಷ್ಟು ಜೋರಾಗಿ ತಿರುಗಬೇಕು ಎಂಬುದನ್ನೆಲ್ಲ ಅವಳೇ ತೀರ್ಮಾನಿಸುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಅವಳು ಯಜಮಾನಿ. ಆ ಯಜಮಾನಿಗೆ ಅಪ್ಪನ ಮೀಸೆ ಎಂದರೆ ಬಸ್ಸಿನಲ್ಲಿ ನಿಂತವರಿಗೆ ಮೇಲಿನ ಕಂಬಿ ಇದ್ದ ಹಾಗೆ. ಎತ್ತಿಕೊಂಡ ಕೂಡಲೇ ಹಿಡಿದುಕೊಳ್ಳುತ್ತಿದ್ದಳು. ಅತ್ತ ತಿರುಗಬೇಕೆಂದರೆ ಅತ್ತ ಎಳೆಯುವುದು, ಇತ್ತ ಬೇಕೆಂದರೆ ಇತ್ತ. ನಿದ್ದೆ ಬರುವಾಗಲೂ ಅದು ಮುಷ್ಟಿಯಲ್ಲಿರಬೇಕು.

ಬೇಸಿಗೆ ರಜೆಗೆ ಈಜುಕೊಳ ತೆರೆಯುವ ದಿನ ಹತ್ತಿರ ಬಂದಾಗ ಹೆಂಡತಿಗೆ ಚಿಂತೆ ಹತ್ತಿತು. ಹೆರಿಗೆಯಾದ ಮೇಲೆ ಅವಳು ಕೆಲಸಕ್ಕೆ ಹೋಗುತ್ತಿರುವುದು ಇದೇ ಮೊದಲು.

"ಬೆಳಿಗ್ಗೆಯಿಂದ ಊಟದ ಹೊತ್ತಿನವರೆಗೂ ನೀವೊಬ್ರೇ ನೋಡ್ಕೊಳ್ಳೋಕೆ ಆಗುತ್ತೇನ್ರೀ?" ಎಂದು ಕೇಳಿದಳು.

"ಒಳ್ಳೇ ಕತೆ! ಬೆಲ್ಲಕ್ಕೆ ಇರುವೆ ಅಂಟಿದ ಹಾಗೆ ಅಂಟಿಕೊಂಡಿರ್ತಾಳೆ ನನ್ಗೆ. ಈ ಬಿಸಿಲಲ್ಲಿ ಗಿರಾಕಿಗಳೂ ಕಮ್ಮಿ. ನೀನು ಅವಳ ಯೋಚನೆ ಬಿಡು, ಅಲ್ಲಿ ಯಾರೂ ಮುಳುಗದ ಹಾಗೆ ನೋಡ್ಕೋ."

ಅವನು ಹಾಗೆ ಜಂಬ ಕೊಚ್ಚಿದ್ದು ಶನಿವಾರ. ಅನಾಹುತವಾದದ್ದು ಮಾರನೆಯ ದಿನ, ಭಾನುವಾರ.

ಕೊಳ ತೆರೆಯುವ ದಿನಕ್ಕೆ ತಾನೂ ನೀಟಾಗಿರಬೇಕೆಂದು ಅವನು ಬಚ್ಚಲಿನ ಕನ್ನಡಿಯ ಮುಂದೆ ನಿಂತು ಟ್ರಿಮ್ಮರಿನಿಂದ ಮೀಸೆಯ ಅಂಚು ಸರಿಮಾಡುತ್ತಿದ್ದ. ಸೊಂಟದ ಮೇಲೆ ಯಜಮಾನಿ ಕೂತಿದ್ದಳು.

"ಅವಳನ್ನ ಕೆಳಗಿಳಿಸಿ ಮಾಡ್ಕೊಳ್ಳಿ," ಎಂದು ಅಡುಗೆಮನೆಯಿಂದ ಹೆಂಡತಿ ಕೂಗಿದಳು.

"ಕಣ್ಣು ಮುಚ್ಕೊಂಡು ಮಾಡೋ ಕೆಲಸ ಕಣೇ ಇದು," ಎಂದ ಅವನು.

ಯಜಮಾನಿಗೆ ಗುಂಯ್‌ಗುಡುವ ಆ ಸಾಮಾನಿನ ಮೇಲೆ ಮೊದಲಿಂದಲೂ ಕಣ್ಣಿತ್ತು. ಅಪ್ಪ ತುಟಿಯನ್ನು ಒಂದು ಕಡೆಗೆ ಓರೆ ಮಾಡಿದ್ದೇ ತಡ, ಅವನ ಮೊಣಕೈಯನ್ನು ಎರಡೂ ಕೈಯಿಂದ ಹಿಡಿದು ಜಗ್ಗಿದಳು. ಸರ್ರನೆ ಸದ್ದಾಯಿತು. ಎಡಗಡೆಯ ಮೀಸೆಯ ನಟ್ಟನಡುವೆ ಅಗಲವಾದೊಂದು ದಾರಿ ಬಿದ್ದಿತ್ತು.

ಹೆಂಡತಿ ಓಡಿಬಂದು ನೋಡಿದಳು. ನೋಡಿದವಳು ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತು, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ನಗಬೇಡ," ಎಂದ ಅವನು.

"ನಗ್ತಿಲ್ಲ," ಎಂದಳು ಅವಳು, ಕಣ್ಣೊರೆಸಿಕೊಳ್ಳುತ್ತ.

ಅವನು ಮಗುವನ್ನು ಅವಳ ಕೈಗೆ ಕೊಟ್ಟು, ಎರಡೂ ಕಡೆ ಸಮ ಮಾಡಲು ನೋಡಿದ. ಕುಂಟುವ ಮೇಜನ್ನು ಸರಿಮಾಡಲು ಹೋಗಿ ನಾಲ್ಕೂ ಕಾಲನ್ನು ಕತ್ತರಿಸುತ್ತ ಹೋದವನ ಕತೆಯಾಯಿತು ಅವನದು. ಬಲಗಡೆ ಒಂದಿಷ್ಟು, ಎಡಗಡೆ ಒಂದಿಷ್ಟು, ಮತ್ತೆ ಬಲಗಡೆ. ಕೊನೆಗೆ ಉಳಿದ ಹುಬ್ಬಿನಷ್ಟನ್ನು ನೋಡಲಾರದೆ ನೊರೆ ಹಚ್ಚಿ ರೇಜರಿನಿಂದ ಪೂರ್ತಿ ಬೋಳಿಸಿಬಿಟ್ಟ. ಮುಖ ತೊಳೆದು ತಲೆಯೆತ್ತಿದರೆ ಕನ್ನಡಿಯಲ್ಲಿ ಶಾಲೆಯ ಗ್ರೂಪ್ ಫೋಟೋದಿಂದ ಎದ್ದು ಬಂದವನೊಬ್ಬ ಪಿಳಿಪಿಳಿ ನೋಡುತ್ತಿದ್ದ. ಬಿಸಿಲು ಕಾಣದ ಮೇಲ್ದುಟಿ ಬೇರೆ ಯಾರದ್ದೋ ಮುಖದಿಂದ ತಂದು ಅಂಟಿಸಿದ ಹಾಗೆ ಬೆಳ್ಳಗಿತ್ತು.

"ಬಾರೇ ಕಂದ," ಎಂದು ಅವನು ಯಜಮಾನಿಯ ಕಡೆ ತಿರುಗಿ ಕೈಚಾಚಿದ.

ಯಜಮಾನಿ ಅವನನ್ನು ನೋಡಿದಳು. ಹಣೆಯಿಂದ ಗಲ್ಲದವರೆಗೆ ನಿಧಾನವಾಗಿ ನೋಡಿದಳು. ಅವನ ಹಿಂದೆ ಬಚ್ಚಲಿನೊಳಗೆ ಇನ್ನೊಬ್ಬರು ಯಾರಾದರೂ ಇದ್ದಾರೋ ಎಂದು ಕತ್ತು ಚಾಚಿ ನೋಡಿದಳು. ಯಾರೂ ಇರಲಿಲ್ಲ. ಕೆಳತುಟಿ ಮೆಲ್ಲಗೆ ಮುಂದೆ ಬಂತು, ಗದ್ದ ನಡುಗಿತು, ಆಮೇಲೆ ಬೀದಿಯ ಆ ತುದಿಯವರೆಗೂ ಕೇಳುವ ಹಾಗೆ ಕಿರುಚಿದಳು.

"ನಾನು ಕಣೇ, ಅಪ್ಪ!"

ಅದು ಇನ್ನೂ ಕೆಲಸ ಕೆಡಿಸಿತು. ಅಪ್ಪನನ್ನು ನುಂಗಿದ್ದೂ ಅಲ್ಲದೆ ಈ ಮನುಷ್ಯ ಅಪ್ಪನ ದನಿಯಲ್ಲೇ ಮಾತಾಡುತ್ತಿದ್ದಾನಲ್ಲ! ಯಜಮಾನಿ ಅಮ್ಮನ ಕುತ್ತಿಗೆಯೊಳಗೆ ಮುಖ ಹುದುಗಿಸಿಕೊಂಡವಳು ಸಂಜೆಯವರೆಗೂ ಅವನತ್ತ ತಿರುಗಲಿಲ್ಲ.

ಸಂಜೆ ಅತ್ತೆಯ ವಿಡಿಯೋ ಕಾಲ್ ಬಂತು. ಅವನು ಹೆಂಡತಿಯ ಹಿಂದಿನಿಂದ ಹಾದುಹೋದ.

"ಯಾರೇ ಅದು ಮನೇಲಿ?" ಎಂದು ಅತ್ತೆಯ ದನಿ ಕೆಳಗಿಳಿಯಿತು. "ಅಳಿಯಂದ್ರು ಎಲ್ಲಿ ಹೋಗಿದಾರೆ?"

"ಅಳಿಯಂದ್ರೇ ಅಮ್ಮ ಅದು."

ಅತ್ತೆ ಕನ್ನಡಕ ಹಾಕಿಕೊಂಡು ಫೋನನ್ನು ಕಣ್ಣಿನ ಹತ್ತಿರಕ್ಕೆ ತಂದರು. ಆಮೇಲೆ, "ಹುಷಾರಾಗಿದಾರೆ ತಾನೇ?" ಎಂದರು ಅತ್ತೆ.

ಸೋಮವಾರ ಬೆಳಿಗ್ಗೆ ಹೆಂಡತಿ ಸೀಟಿಯನ್ನು ಕೊರಳಿಗೆ ಹಾಕಿಕೊಂಡು, ಅಳುವ ಮಗುವನ್ನು ಅವನ ಕೈಗಿಟ್ಟು, ಹಿಂತಿರುಗಿ ನೋಡಿದರೆ ಕಾಲೇ ಬರುವುದಿಲ್ಲವೆಂದು ಸರಸರನೆ ಮೆಟ್ಟಿಲಿಳಿದು ಹೋದಳು. ಆಮೇಲಿನದು ಕುಸ್ತಿ.

ಅವನು ಮೊದಲು ಟವೆಲನ್ನು ಮೂಗಿನ ಕೆಳಗೆ ಕಟ್ಟಿಕೊಂಡು ನೋಡಿದ. ದರೋಡೆಗೆ ಬಂದವನ ಹಾಗೆ ಕಂಡನೋ ಏನೋ, ಅಳು ದುಪ್ಪಟ್ಟಾಯಿತು. ಬಾಗಿಲ ಹಿಂದೆ ನಿಂತು ಮಾತಾಡಿದ. ಅಳು ನಿಂತಿತು. ಅಪ್ಪನ ದನಿ ಬಂದ ಕಡೆಗೆ ಯಜಮಾನಿ ಮೊಣಕಾಲಿನಲ್ಲಿ ಧಡಧಡನೆ ಅಂಬೆಗಾಲಿಕ್ಕುತ್ತ ಬಂದಳು. ಬಂದು, ಬಾಗಿಲ ಹಿಂದೆ ಇಣುಕಿ, ಅಲ್ಲಿ ಇದ್ದವನನ್ನು ಕಂಡು ಮತ್ತೆ ಕಿರುಚಿದಳು.

ಕಡೆಗೆ ಒಂದು ಉಪಾಯ ಫಲಿಸಿತು. ಅವಳ ಮುಖ ಹೊರಗಡೆಗೆ ಇರುವ ಹಾಗೆ, ಬೆನ್ನು ತನ್ನ ಎದೆಗೆ ಆನಿಸಿ ಎತ್ತಿಕೊಂಡರೆ ಸುಮ್ಮನಿರುತ್ತಿದ್ದಳು. ಕೈ ಅಪ್ಪನದೇ, ವಾಸನೆಯೂ ಅಪ್ಪನದೇ. ಮುಖ ಕಾಣದಿದ್ದರೆ ತಕರಾರಿಲ್ಲ. ಉಣಿಸುವುದೂ ಹಿಂದಿನಿಂದಲೇ. ಕಿವುಚಿದ ಬಾಳೆಹಣ್ಣಿನ ಚಮಚ ಅವಳ ಭುಜದ ಮೇಲಿಂದ ಹಾಯ್ದು ಬಾಯಿಗೆ ಹೋಗಬೇಕು. ಅರ್ಧ ಬಾಯಿಗೆ ಹೋಗುತ್ತಿತ್ತು, ಮಿಕ್ಕದ್ದು ಕಿವಿಗೆ. ಹೀಗೆ ಅವನು ಮಗುವನ್ನು ಮೆರವಣಿಗೆಯ ಫಲಕದ ಹಾಗೆ ಮುಂದೆ ಹಿಡಿದುಕೊಂಡು ಬೀದಿಯಲ್ಲಿ ಓಡಾಡಿದ. ಎದುರಾದವರು ಮಗುವನ್ನು ಮಾತಾಡಿಸಿ, ಆಮೇಲೆ ತಲೆಯೆತ್ತಿ ಅವನನ್ನು ನೋಡಿ ತಬ್ಬಿಬ್ಬಾಗುತ್ತಿದ್ದರು. ಅಂಗಡಿಗೆ ಬಂದ ಹಳೆಯ ಗಿರಾಕಿಯೊಬ್ಬ ಬಾಗಿಲಲ್ಲೇ ನಿಂತು, "ಓ, ಅವರಿಲ್ವಾ? ಬಿಡಿ, ನಾಳೆ ಬರ್ತೀನಿ," ಎಂದು ಹೊರಟೇಹೋದ.

ಆದರೂ ಅಂಗಡಿಯಲ್ಲೊಂದು ಕಷ್ಟವಿತ್ತು. ಮೂರು ಗೋಡೆಗೂ ಕನ್ನಡಿ. ಯಾವ ಕಡೆ ತಿರುಗಿಸಿ ಹಿಡಿದರೂ ತನ್ನನ್ನು ಎತ್ತಿಕೊಂಡಿರುವವನು ಯಾರು ಎನ್ನುವುದು ಯಜಮಾನಿಗೆ ಕಂಡುಬಿಡುತ್ತಿತ್ತು. ಅದಕ್ಕೆ ಅವನು ಒಂದು ಮಧ್ಯಾಹ್ನ ನೆಲದ ಮೇಲೆ ಬಿದ್ದಿದ್ದ ಗಿರಾಕಿಗಳ ಕೂದಲಿನಲ್ಲಿ ಒಳ್ಳೆಯ ಕರಿಯದನ್ನು ಆಯ್ದು, ತೊಳೆದು, ಒಣಗಿಸಿ, ಗಮ್ ಟೇಪಿನ ಮೇಲೆ ಸಾಲಾಗಿ ಜೋಡಿಸಿ ಮೀಸೆಯೊಂದನ್ನು ತಯಾರು ಮಾಡಿದ. ಕಸುಬುದಾರನ ಕೈ, ಕೆಲಸ ಚೆನ್ನಾಗಿಯೇ ಬಂದಿತ್ತು. ಅದನ್ನು ಅಂಟಿಸಿಕೊಂಡು ಅವಳ ಮುಂದೆ ಕೂತ. ಯಜಮಾನಿ ಅಳಲಿಲ್ಲ. ಹುಬ್ಬು ಗಂಟಿಕ್ಕಿ ಪರೀಕ್ಷೆ ಮಾಡಿದಳು. ಅವನಿಗೆ ಖುಷಿ ತಡೆಯಲಾಗದೆ ನಗು ಬಂತು. ನಕ್ಕದ್ದೇ ತಪ್ಪಾಯಿತು. ಬೆವರಿಗೆ ಟೇಪು ಬಿಟ್ಟು ಮೀಸೆಯ ಒಂದು ತುದಿ ಜೋತುಬಿತ್ತು. ಯಜಮಾನಿ ಅದನ್ನು ಪಟ್ಟನೆ ಕಿತ್ತು ಬಾಯಿಗೆ ಹಾಕಿಕೊಂಡಳು. ಅವನು ಬೆರಳು ಹಾಕಿ ಹೊರಗೆ ತೆಗೆಯುವಷ್ಟರಲ್ಲಿ ಅವಳ ಹೊಸ ಹಲ್ಲು ಎಷ್ಟು ಚೂಪಾಗಿವೆ ಎಂದು ಚೆನ್ನಾಗಿ ಗೊತ್ತಾಯಿತು.

ಇಷ್ಟೆಲ್ಲವನ್ನೂ ಅವನು ನಗುನಗುತ್ತಲೇ ಸಹಿಸಿಕೊಂಡಿದ್ದ. ಸಹಿಸಲಾಗದ್ದು ನಡೆದದ್ದು ಇಂಜಿನ್ ತಾತ ಅಂಗಡಿಗೆ ಬಂದ ದಿನ.

ಇಂಜಿನ್ ತಾತ ಎಂದರೆ ರೈಲು ಓಡಿಸಿ ನಿವೃತ್ತನಾದ ಮುದುಕ. ತಲೆಯ ಮೇಲೆ ಕೂದಲು ಉಳಿದಿರಲಿಲ್ಲ, ಅದಕ್ಕೆಲ್ಲ ಬಡ್ಡಿ ಸೇರಿಸಿ ಮೂಗಿನ ಕೆಳಗೆ ಬೆಳೆಸಿಕೊಂಡಿದ್ದ. ಆ ಮೀಸೆಗೆ ಕಪ್ಪು ಬಣ್ಣ ಹಾಕಿಸಿಕೊಳ್ಳಲು ಬಂದು ಕುರ್ಚಿಯ ಮೇಲೆ ಕೂತ. ಮೂಲೆಯ ಚಾಪೆಯ ಮೇಲೆ ಹಣಿಗೆಗಳನ್ನು ಚೆಲ್ಲಾಡುತ್ತಿದ್ದ ಯಜಮಾನಿ ತಲೆಯೆತ್ತಿದಳು. ಕಣ್ಣರಳಿಸಿದಳು. ಕೈಯಲ್ಲಿದ್ದದ್ದನ್ನು ಎಸೆದು, ಸರಸರನೆ ಹರಿದು ಬಂದು, ತಾತನ ಪ್ಯಾಂಟು ಹಿಡಿದು ಎದ್ದು ನಿಂತು, ಎರಡೂ ಕೈ ಮೇಲೆತ್ತಿದಳು.

"ಅಪ್ಪ!"

ಅದು ಅವಳು ಆಡಿದ ಮೊದಲ ಮಾತು. ಅಷ್ಟು ಸ್ಪಷ್ಟವಾಗಿ, ಒತ್ತಕ್ಷರದ ಸಮೇತ ಹೇಳಿದ್ದಳು.

ಬಣ್ಣದ ಬಟ್ಟಲು ಹಿಡಿದು ನಿಂತಿದ್ದ ಅವನ ಕೈ ಅಲ್ಲೇ ನಿಂತಿತು. ತಾತ ಮೊದಲು ಹಿರಿಹಿರಿ ಹಿಗ್ಗಿ ಮಗುವನ್ನು ಎತ್ತಿಕೊಂಡ. ಅವಳು ಆ ಮೀಸೆಗೆ ಜೋತುಬಿದ್ದು ಕೇಕೆ ಹಾಕಿದಳು. ಆಮೇಲೆ ಕನ್ನಡಿಯಲ್ಲಿ ಇವನ ಮುಖ ಕಂಡು ತಾತನ ನಗು ಆರಿಹೋಯಿತು. ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ಇವನ ಕಣ್ಣು ಒಮ್ಮೆ ರೇಜರಿನ ಕಡೆ, ಒಮ್ಮೆ ತಾತನ ಮೀಸೆಯ ಕಡೆ ಹೋಗಿ ಬಂತು.

"ಬೇಜಾರ್ ಮಾಡ್ಕೋಬೇಡಪ್ಪಾ," ಎಂದ ತಾತ. "ನಾನು ಡ್ಯೂಟಿ ಮುಗಿಸ್ಕೊಂಡು ಎಷ್ಟೋ ದಿನಕ್ಕೊಂದ್ಸಲ ಮನೆಗೆ ಹೋಗ್ತಿದ್ನಲ್ಲ, ನನ್ನ ಮಕ್ಳೂ ಹೀಗೇನೇ. ಮಂಚದ ಕೆಳಗೆ ಹೋಗಿ ಬಚ್ಚಿಟ್ಕೊಳ್ಳೋವು."

"ಆಗ ಏನ್ ಮಾಡ್ತಿದ್ರಿ?"

"ಏನ್ ಮಾಡೋದು? ನೆಲದ ಮೇಲೆ ಕೂತ್ಕೊಂಡು ಬೂಟಿನ ದಾರ ಬಿಚ್ತಾ ಇರ್ತಿದ್ದೆ. ತಿರುಗೂ ನೋಡ್ತಿರ್ಲಿಲ್ಲ. ಬರದೇ ಎಲ್ಲಿಗೆ ಹೋಗ್ತವೆ? ಬರೋವು."

ಮಧ್ಯಾಹ್ನ ಹೆಂಡತಿ ಬರುವ ಮೊದಲೇ ಸುದ್ದಿ ಈಜುಕೊಳ ಮುಟ್ಟಿತ್ತು. ಸಣ್ಣ ಊರು, ಸುದ್ದಿಗೆ ಕಾಲು ಬೇಕಾಗಿರಲಿಲ್ಲ.

"ನಿಮ್ಮ ಮಗಳು ಮನೆಗೆ ಹೊಸ ಅಪ್ಪನ್ನ ಗೊತ್ತು ಮಾಡ್ಕೊಂಡಿದಾಳಂತೆ?" ಎಂದು ಅವಳು ಒದ್ದೆ ಕೂದಲು ಒರೆಸಿಕೊಳ್ಳುತ್ತ ಚುಡಾಯಿಸಿದಳು.

ಅವನು ನಗಲಿಲ್ಲ. ತಟ್ಟೆಯ ಅನ್ನದಲ್ಲಿ ಸುಮ್ಮನೆ ಕೈಯಾಡಿಸುತ್ತ ಕೂತಿದ್ದ.

"ಅಯ್ಯೋ, ನಿಜವಾಗ್ಲೂ ಬೇಜಾರಾ?" ಎಂದು ಅವಳು ಪಕ್ಕದಲ್ಲಿ ಬಂದು ಕೂತಳು.

"ಹುಟ್ಟಿದಾಗಿನಿಂದ ಎತ್ತಿ ಆಡಿಸ್ದೋನು ನಾನು. ಅವಳಿಗೆ ಬೇಕಾಗಿದ್ದು ಬರೀ ಕೂದಲು, ಅಷ್ಟೇ ತಾನೇ?"

"ನೋಡಿ, ಅವಳು ನಿಮ್ಮನ್ನ ಬೇಡ ಅಂತಿಲ್ಲ. ಅವಳು ನಿಮ್ಮನ್ನ ಹುಡುಕ್ತಿದಾಳೆ ಕಣ್ರೀ. ಎಲ್ಲೂ ಸಿಗ್ತಿಲ್ವಲ್ಲ ಅಂತ ಆ ಅಳು. ಇಷ್ಟು ದಿನ ಆದ್ರೂ ಮರ್ತಿಲ್ಲ, ಅದೇ ದೊಡ್ಡದು."

ಅವನು ಅದನ್ನು ಹಾಗೆ ಯೋಚಿಸಿರಲಿಲ್ಲ. ತಟ್ಟೆಯಲ್ಲಿದ್ದದ್ದನ್ನು ಊಟ ಮಾಡಿದ.

ಮಾರನೆಯ ದಿನದಿಂದ ಅವನು ವೇಷ ಹಾಕುವುದನ್ನು ಬಿಟ್ಟ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅಂಗಡಿಯ ನೆಲದ ಮೇಲೆ ಕಾಲು ಚಾಚಿ ಕೂತು ಬ್ರಷ್ಷುಗಳನ್ನು ಒರೆಸುವುದು, ಕತ್ತರಿಗಳನ್ನು ಎತ್ತಿಟ್ಟು ಬರೀ ಹಣಿಗೆಗಳನ್ನು ಉದ್ದಕ್ಕೆ ಸಾಲಾಗಿ ಇಡುವುದು, ಹೀಗೆ ಏನಾದರೊಂದು ಮಾಡುತ್ತಿದ್ದ. ಅವಳ ಕಡೆ ನೋಡುತ್ತಿರಲಿಲ್ಲ. ಯಜಮಾನಿ ಚಾಪೆಯ ಆ ತುದಿಯಲ್ಲಿ ಕೂತು ಅವನ ಮೇಲೆ ನಿಗಾ ಇಟ್ಟಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಹತ್ತಿರ ಹರಿದು ಬಂದು ಸಾಲಿನಿಂದ ಒಂದು ಹಣಿಗೆ ಕದ್ದಳು. ಅವನು ಸುಮ್ಮನಿದ್ದ. ಇನ್ನೊಂದನ್ನು ಕದ್ದಳು. ಆಗಲೂ ಸುಮ್ಮನಿದ್ದ. ಕದ್ದರೂ ಕೇಳುವವರಿಲ್ಲದ ಮೇಲೆ ಮಜವೇನು? ಬೇಸರವಾಗಿ ತಾನೇ ಒಂದನ್ನು ಅವನ ಮುಂದೆ ಹಿಡಿದಳು. ಅವನು ತೆಗೆದುಕೊಂಡು, ಗೌರವದಿಂದ ತಲೆ ಬಗ್ಗಿಸಿ, ವಾಪಸ್ಸು ಕೊಟ್ಟ. ಅವಳು ಮತ್ತೆ ಕೊಟ್ಟಳು. ಹೀಗೆ ಇಬ್ಬರೂ ಹೊಸದಾಗಿ ಪರಿಚಯ ಮಾಡಿಕೊಂಡರು. ಕೆಲವು ದಿನಗಳಲ್ಲಿ ಅವಳಿಗೆ ಅವನು ತೀರಾ ಕೆಟ್ಟವನಲ್ಲ ಅನ್ನಿಸಿದ ಹಾಗಿತ್ತು. ಪಕ್ಕದ ಮನೆಯವರ ಹಾಗೆ ಮಾತುಕತೆಗೆ ಅಡ್ಡಿಯಿಲ್ಲ. ಎತ್ತಿಕೊಳ್ಳುವುದು ಮಾತ್ರ ಮುಖ ಹೊರಗಡೆಗೆ ಮಾಡಿಯೇ.

ಬಿಸಿಲು ಏರುತ್ತ ಹೋಯಿತು. ಒಂದು ದಿನ ಬೆಳಿಗ್ಗೆಯೇ ಕರೆಂಟು ಹೋಯಿತು. ಫ್ಯಾನು ನಿಂತಿತು. ಕನ್ನಡಿಗಳೂ ಬೆವರುತ್ತಿವೆಯೇನೋ ಅನ್ನುವಂಥ ಸೆಕೆ. ಯಜಮಾನಿಯ ಕುತ್ತಿಗೆಯ ಸುತ್ತ ಬೆವರುಸಾಲೆ ಎದ್ದಿತ್ತು. ಒದ್ದೆ ಬಟ್ಟೆಯಲ್ಲಿ ಮೈ ಒರೆಸಿದರೂ, ರಟ್ಟಿನಿಂದ ಗಾಳಿ ಹಾಕಿದರೂ ಸಮಾಧಾನವಿಲ್ಲ. ಅತ್ತೂ ಅತ್ತೂ ದನಿ ಕಟ್ಟಿತು. ಅವನು ಅಂಗಡಿಗೆ ಬೀಗ ಹಾಕಿ, ಕೊಡೆ ಬಿಚ್ಚಿ, ಮಗುವನ್ನು ಎತ್ತಿಕೊಂಡು ಈಜುಕೊಳಕ್ಕೆ ಓಡಿದ.

ಕೊಳದಲ್ಲಿ ಹೆಂಡತಿ ಎದೆಮಟ್ಟದ ನೀರಿನಲ್ಲಿ ನಿಂತು, ಕಂಬಿ ಹಿಡಿದು ಕಾಲು ಬಡಿಯುತ್ತಿದ್ದ ಮಕ್ಕಳ ಸಾಲನ್ನು ಕಾಯುತ್ತಿದ್ದಳು. ಅಮ್ಮನನ್ನು ಕಂಡು ಯಜಮಾನಿಯ ಅಳು ತಾರಕಕ್ಕೇರಿತು. ಹೆಂಡತಿ ಈ ಕಡೆ ನೋಡಿದಳು, ಮಕ್ಕಳ ಕಡೆ ನೋಡಿದಳು. ಬಿಟ್ಟು ಬರುವ ಹಾಗಿರಲಿಲ್ಲ.

"ಪುಟ್ಟ ಕೊಳಕ್ಕೆ ಇಳೀರಿ!" ಎಂದು ಕೂಗಿದಳು. "ಅವಳನ್ನ ನೀರಲ್ಲಿ ಕೂರಿಸಿ!"

"ನಾನಾ?"

"ಮತ್ತಿನ್ಯಾರು?"

ಈಜು ಟೀಚರ ಗಂಡನಿಗೆ ನೀರು ಕಂಡರೆ ಆಗುವುದಿಲ್ಲ ಎನ್ನುವುದು ಊರಿಗೆಲ್ಲ ಗೊತ್ತಿದ್ದ ತಮಾಷೆ. ಬಕೆಟ್ಟಿನಾಚೆಯ ನೀರಿನ ಸಹವಾಸ ಅವನು ಮಾಡಿದವನೇ ಅಲ್ಲ. ಕೂಸುಗಳಿಗೆಂದು ಪಕ್ಕದಲ್ಲಿ ಕಟ್ಟಿದ ಆ ಪುಟ್ಟ ಕೊಳದ ನೀರು ಮೊಣಕಾಲಿನವರೆಗೂ ಬರುವಂಥದ್ದಲ್ಲ, ಆದರೆ ಭಯಕ್ಕೆ ಆಳದ ಲೆಕ್ಕವೆಲ್ಲಿ? ಚಪ್ಪಲಿ ಕಳಚಿ, ಪ್ಯಾಂಟು ಷರಟಿನ ಸಮೇತ ಒಂದೊಂದೇ ಹೆಜ್ಜೆ ಇಟ್ಟ. ಎರಡನೆಯ ಮೆಟ್ಟಿಲು ಪಾಚಿ ಕಟ್ಟಿತ್ತೋ ಏನೋ, ಜಾರಿ ದಬಕ್ಕನೆ ನೀರಿನಲ್ಲಿ ಕೂತ. ಕೂತ ರಭಸಕ್ಕೆ ನೀರೆದ್ದು ಇಬ್ಬರ ಮುಖಕ್ಕೂ ಅಪ್ಪಳಿಸಿತು.

ಯಜಮಾನಿಯ ಅಳು ನಡುವಿನಲ್ಲೇ ನಿಂತಿತು. ಉಸಿರು ಕಟ್ಟಿದವಳಂತೆ ಬಾಯಿ ತೆರೆದಳು. ನೀರು ಅತ್ತ ಇತ್ತ ಓಲಾಡುತ್ತಿತ್ತು, ಹಿಡಿದುಕೊಳ್ಳಲು ಸುತ್ತ ಏನೂ ಇರಲಿಲ್ಲ. ಅವನ ಕೈಯೊಳಗೇ ಗಿರಕ್ಕನೆ ತಿರುಗಿ, ಎದೆಗೆ ಎದೆ ಹಚ್ಚಿ, ಎರಡೂ ತೋಳಿನಿಂದ ಅವನ ಕೊರಳನ್ನು ತಬ್ಬಿಕೊಂಡಳು. ಅವನೂ ಅವಳನ್ನು ಅಷ್ಟೇ ಬಿಗಿಯಾಗಿ ತಬ್ಬಿಕೊಂಡ. ಇಬ್ಬರಲ್ಲಿ ಯಾರು ಯಾರನ್ನು ಹಿಡಿದುಕೊಂಡು ಬದುಕಿದರೋ ಹೇಳುವುದು ಕಷ್ಟ.

ನೀರು ಸುಮ್ಮನಾಯಿತು. ತಂಪು ಮೆಲ್ಲಗೆ ಮೈಗೆ ಹತ್ತಿತು. ಯಜಮಾನಿ ತಲೆಯನ್ನು ಹಿಂದಕ್ಕೆ ಮಾಡಿ, ಅಷ್ಟು ಹತ್ತಿರದಿಂದ ಅವನ ಮುಖವನ್ನು ನೋಡಿದಳು. ಒದ್ದೆಯಾದ ಹುಬ್ಬು, ತೊಟ್ಟಿಕ್ಕುತ್ತಿದ್ದ ಮೂಗು, ಗಾಬರಿಯಿಂದ ಅಗಲವಾದ ಕಣ್ಣು. ಒಂದು ಪುಟ್ಟ ಕೈ ಮೇಲೆ ಬಂದು ಮೂಗಿನ ಕೆಳಗೆ ತಡಕಾಡಿತು. ಅಲ್ಲಿ ಕೆಲವು ದಿನಗಳ ಮೊಳಕೆ ಬಿಟ್ಟರೆ ಏನೂ ಇರಲಿಲ್ಲ. ಕೈ ಇನ್ನೊಂದು ಸಲ ಹುಡುಕಿತು. ಆಮೇಲೆ, ಸಿಕ್ಕಿದ್ದೇ ಸಾಕು ಎನ್ನುವ ಹಾಗೆ, ಮೇಲ್ದುಟಿಯನ್ನೇ ಹಿಡಿದು ಅಮ್ಮನಿದ್ದ ದಿಕ್ಕಿಗೆ ಜೋರಾಗಿ ಎಳೆಯಿತು.

"ಆಯ್ತಮ್ಮಾ ಆಯ್ತು, ತಿರುಗ್ತೀನಿ," ಎಂದ ಅವನು, ಎಳೆದ ತುಟಿಯಲ್ಲಿ ಬಂದಷ್ಟು ಮಾತಿನಲ್ಲಿ. ಕಣ್ಣಿಂದ ಇಳಿದದ್ದು ಕೊಳದ ನೀರೇ ಇರಬೇಕೆಂದು ಅಂದುಕೊಂಡ.

ತರಗತಿ ಮುಗಿಸಿ ಹೆಂಡತಿ ಓಡಿಬಂದಾಗ ಯಜಮಾನಿ ಅವನ ಹೆಗಲಿಗೆ ಕೆನ್ನೆಯಿಟ್ಟು, ಮುಖ ಒಳಗಡೆಗೆ ಮಾಡಿಕೊಂಡು, ಜೊಲ್ಲು ಸುರಿಸುತ್ತ ನಿದ್ದೆ ಹೋಗಿದ್ದಳು. ಎಚ್ಚರವಾದೀತೆಂದು ಅವನು ಆ ನೀರಿನಲ್ಲೇ ಅಲ್ಲಾಡದೆ ಕೂತಿದ್ದ.

"ಮೇಲೆ ಬನ್ನಿ, ಬೆರಳೆಲ್ಲ ಸುಕ್ಕಾಗಿದೆ," ಎಂದಳು ಅವಳು ಪಿಸುದನಿಯಲ್ಲಿ.

"ಶ್ಶ್," ಎಂದ ಅವನು.

ಆ ದಿನದಿಂದ ತಂದೆ ಮಗಳು ಮಧ್ಯಾಹ್ನದ ಮುಂಚೆ ಪುಟ್ಟ ಕೊಳಕ್ಕೆ ಹೋಗುವುದು ರೂಢಿಯಾಯಿತು. ಯಜಮಾನಿ ಅವನನ್ನು ‘ಅಪ್ಪ’ ಎಂದೂ ಕರೆದಳು. ಅವನು ಹಿಗ್ಗಿ ಹೆಂಡತಿಗೆ ಹೇಳಲು ಹೋಗುವಷ್ಟರಲ್ಲಿ ಅದೇ ಉಸಿರಿನಲ್ಲಿ ಫ್ಯಾನನ್ನೂ, ಅಂಗಡಿಯ ತಿರುಗುವ ಕುರ್ಚಿಯನ್ನೂ, ರಸ್ತೆಯಲ್ಲಿ ಹೋದ ನಾಯಿಯನ್ನೂ ಅಪ್ಪ ಎಂದು ಕರೆದಳು. ಇಂಜಿನ್ ತಾತನಂತೂ ಸರಿಯೇ ಸರಿ. ಪಾಲುದಾರರು ಇಷ್ಟು ಜನರಿದ್ದರೂ ಅವನಿಗೆ ಹೊಟ್ಟೆಕಿಚ್ಚಾಗಲಿಲ್ಲ. ಮೇಲ್ದುಟಿಯ ಮೇಲೆ ಕೂದಲು ದಿನದಿನಕ್ಕೆ ಬೆಳೆಯಿತು. ಅಷ್ಟು ನಿಧಾನವಾಗಿ ಬೆಳೆದದ್ದರಿಂದ ಯಜಮಾನಿ ಅದರ ಬಗ್ಗೆ ಚಕಾರವೆತ್ತಲಿಲ್ಲ. ಹಳೆಯ ಗಾತ್ರಕ್ಕೆ ಬೆಳೆಸಬೇಕೋ ಬೇಡವೋ ಎಂದು ಗಿರಾಕಿಗಳು ಎರಡು ಪಕ್ಷವಾಗಿ ವಾದ ಮಾಡಿದರು. ಅವನು ಇಬ್ಬರಿಗೂ ತಲೆಯಾಡಿಸಿ ಕ್ಷೌರ ಮುಂದುವರಿಸಿದ.

ರಜೆ ಮುಗಿಯುವ ಹೊತ್ತಿಗೆ ಹೆಂಡತಿ ಅವನನ್ನು ದೊಡ್ಡ ಕೊಳಕ್ಕೂ ಇಳಿಸಿದ್ದಳು. ಕಂಬಿ ಹಿಡಿದು ಕಾಲು ಬಡಿಯುವ ಪುಟಾಣಿಗಳ ಸಾಲಿನ ಕೊನೆಯಲ್ಲಿ ಅವನೂ ಒಬ್ಬ. ಪಕ್ಕದ ಪೋರಿಯೊಬ್ಬಳು, "ಅಂಕಲ್, ಮೊಣಕಾಲು ಬಗ್ಗಿಸ್ಬಾರ್ದು, ಮಿಸ್ ಬೈತಾರೆ," ಎಂದು ಆಗಾಗ ಎಚ್ಚರಿಸುತ್ತಿದ್ದಳು.

ಕೊನೆಯ ದಿನ ಹೆಂಡತಿ ಅವನನ್ನು ನೀರಿನ ಮೇಲೆ ಅಂಗಾತ ಮಲಗಿಸಿ, ಬೆನ್ನಿನಡಿಗೆ ಅಂಗೈ ಕೊಟ್ಟಳು. "ಕಣ್ಣು ಮುಚ್ಚಿ. ಏನೂ ಮಾಡ್ಬೇಡಿ. ಸುಮ್ನೆ ಮಲಗಿ."

ಅವನು ಕಣ್ಣು ಮುಚ್ಚಿದ. ಕಿವಿಗೆ ನೀರು ತುಂಬಿಕೊಂಡು ಕೊಳದ ಗದ್ದಲವೆಲ್ಲ ದೂರವಾಯಿತು. ಮುಖದ ಮೇಲೆ ಬಿಸಿಲು ಬಿದ್ದಿತ್ತು, ಬೆನ್ನಿಗೆ ನೀರು ತಣ್ಣಗಿತ್ತು. ಎಷ್ಟೋ ಹೊತ್ತು ಹಾಗೇ ಇದ್ದ. ಆಮೇಲೆ ಬೆನ್ನಿನಡಿ ಕೈ ಇದೆಯೋ ಇಲ್ಲವೋ ಎಂಬ ಅನುಮಾನ ಬಂತು. ಒಂದು ಕಣ್ಣು ತೆರೆದ. ಹೆಂಡತಿ ಅಷ್ಟು ದೂರದಲ್ಲಿ ಎರಡೂ ಕೈ ಮೇಲಕ್ಕೆತ್ತಿ ನಿಂತು ನಗುತ್ತಿದ್ದಳು. ದಡದಲ್ಲಿ ಮಕ್ಕಳೆಲ್ಲ ಚಪ್ಪಾಳೆ ತಟ್ಟುತ್ತಿದ್ದರು, ದೊಡ್ಡ ಹುಡುಗಿಯೊಬ್ಬಳ ತೊಡೆಯ ಮೇಲೆ ಕೂತಿದ್ದ ಯಜಮಾನಿ ಅವರನ್ನು ನೋಡಿಕೊಂಡು ತಾನೂ ತಟ್ಟುತ್ತಿದ್ದಳು.

ಅಷ್ಟು ಕಂಡದ್ದೇ ಅವನು ಕಲ್ಲಿನ ಹಾಗೆ ಮುಳುಗಿದ. ಮೂಗಿಗೆ ಬಾಯಿಗೆ ನೀರು ನುಗ್ಗಿ, ಕೆಮ್ಮುತ್ತ, ಕಾಲೂರಿ ಎದ್ದು ನಿಂತಾಗ ಯಜಮಾನಿ ಹೊಟ್ಟೆ ಕುಲುಕಿಸಿಕೊಂಡು ನಗುತ್ತಿದ್ದಳು. ಅವಳು ಅಷ್ಟು ನಕ್ಕಿದ್ದನ್ನು ಅವನು ಹಿಂದೆಂದೂ ಕಂಡಿರಲಿಲ್ಲ.

"ಅವಳಿಗೆ ತುಂಬಾ ಹಿಡಿಸ್ತು," ಎಂದಳು ಹೆಂಡತಿ. "ಇನ್ನೊಂದ್ಸಲ ಮಾಡ್ತೀರಾ?"

ಅವನು ಮೂಗು ಒರೆಸಿಕೊಂಡು, ದಡದ ಕಡೆ ಒಮ್ಮೆ ನೋಡಿ, ಮತ್ತೆ ಅಂಗಾತ ಮಲಗಿದ.